ನೆರಳಿನ ಬೆಲೆ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವುದೇ ನನ್ನ ಕಸುಬು.
ಎಸ್ಟೋನಿಯಾದ ತೆಂಕಣ ಮೂಲೆ, ವೋರು ಪಟ್ಟಣ,
ಹಿಮ ಗೋರುವ ಸಲಿಕೆಗಳ ಕಾರ್ಖಾನೆ.
ಜೂನ್ ತಿಂಗಳ ರಾತ್ರಿ ಹನ್ನೊಂದಕ್ಕೂ ಆರದ ಬೆಳಕಿನಲ್ಲಿ ಕೂತು
ಡಿಸೆಂಬರಿನಲ್ಲಿ ಎಷ್ಟು ಬೀಳಬಹುದೆಂದು ಬರೆಯುತ್ತೇನೆ,
ಎಷ್ಟು ಬಿದ್ದರೆ ಎಷ್ಟು ಮಂದಿ ಬಾಗಿಲು ತೆಗೆಯಲಾರದೆ
ಅಂಗಡಿಗೆ ಓಡುವರೆಂದು.
ಬಾಗಿಲೇ ತೆಗೆಯದಿದ್ದರೆ ಓಡುವುದೆಲ್ಲಿಂದ, ಅನ್ನುತ್ತಾನೆ ತಾರ್ವೊ.

ಕ್ಷ ಎಂದರೆ ಈ ವಾರ ಒತ್ತುವ ಸಲಿಕೆ.
ಯ ಎಂದರೆ ಗೋದಾಮಿನಲ್ಲಿ ಮಲಗಿ ಬಾಡಿಗೆ ತಿನ್ನುವ ಸಲಿಕೆ.
ಪೋಲೆಂಡಿನ ಅಲ್ಯೂಮಿನಿಯಂ ಹಾಳೆ ಇಷ್ಟನ್ನು ಮೀರದಿರಲಿ,
ವಾಲ್ಮಿಯೆರಾದ ಮರದ ಹಿಡಿ ಅಷ್ಟನ್ನು ಮೀರದಿರಲಿ,
ಯಂತ್ರದ ತಾಸು ಮೀರದಿರಲಿ.
ಸಾಲಾಗಿ ಬರೆದರೆ ಪ್ರಾರ್ಥನೆಯ ಹಾಗೆ ಕಾಣುತ್ತದೆ.
ಕೊನೆಗೆ, ಎಲ್ಲರೂ ಮರೆಯುವ ಸಾಲು:
ಯಾವುದೂ ಸೊನ್ನೆಗಿಂತ ಕೆಳಗಿಳಿಯದಿರಲಿ.
ಮೊದಲ ವರ್ಷ ನಾನೂ ಮರೆತಿದ್ದೆ. ಲೆಕ್ಕ ಹೇಳಿತು:
ಸಲಿಕೆ ಮೈನಸ್ ಮೂರು ಸಾವಿರ ಮಾಡು,
ಮತ್ತೆ ತಗಡಾಗಿಸಿ ಮಾರು, ಲಾಭವಿದೆ.

ತಾರ್ತುವಿನ ಅಂಗಡಿಯವಳು ಹತ್ತು ಜಾಸ್ತಿ ಕೇಳಿದರೆ
ಸಗಟಿನವ ಮೂವತ್ತೆಂದು ಬರೆಯುತ್ತಾನೆ, ನಾನು ಎಪ್ಪತ್ತು;
ಪೋಲೆಂಡಿನವರು ಇನ್ನೊಂದು ಕುಲುಮೆಗೆ ಬೆಂಕಿ ಹಾಕುತ್ತಾರೆ.
ಬಾರುಕೋಲಿನ ಬುಡ ಅಲುಗಿದ್ದು ಬೆರಳಷ್ಟು,
ತುದಿ ಬೀಸಿದ್ದು ಮಾರು ಮಾರು.

ಉತ್ತರ ಬಂತು:
ಹನ್ನೊಂದು ಸಾವಿರದ ಇನ್ನೂರ ನಲವತ್ತು ಬಿಂದು ಆರು.
‘ಆ ಬಿಂದು ಆರನ್ನು ಯಾವ ಪಾಳಿಯವರು ಮಾಡಬೇಕು?’
ತಾರ್ವೊ ನಗಲಿಲ್ಲ. ನಿಜಕ್ಕೂ ಕೇಳಿದ.

ಉತ್ತರದ ಕೆಳಗೆ ಇನ್ನೊಂದು ಪಟ್ಟಿ ಬರುತ್ತದೆ, ಮೇಲಿನವರು ನೋಡದ್ದು.
ಒಂದೇ ಒಂದು ತಾಸು ಹೆಚ್ಚು ಸಿಕ್ಕಿದ್ದರೆ
ಎಷ್ಟು ಗಳಿಸುತ್ತಿದ್ದೆವು ಎಂಬ ಪಟ್ಟಿ.
ಅದಕ್ಕೆ ನೆರಳಿನ ಬೆಲೆ ಎನ್ನುತ್ತಾರೆ.
ತಾರ್ವೊನ ಮುದಿ ಒತ್ತುಯಂತ್ರಕ್ಕೆ ಮೂವತ್ತೆಂಟು ಯೂರೋ.
ಹೆಲ್ವೆಯ ಮೇಜಿಗೆ, ಮೂವತ್ತೊಂದು ವರ್ಷದಿಂದ
ಮರಳುಕಾಗದ ಹಿಡಿದು ಹಿಡಿಗಳನ್ನು ನುಣುಪು ಮಾಡುವ
ಆ ಎರಡು ಕೈಗಳ ತಾಸಿಗೆ,
ಸೊನ್ನೆ.

ತಪ್ಪಲ್ಲ. ಅವಳ ತಾಸುಗಳು ಬೇಕಾದ್ದಕ್ಕಿಂತ ಹೆಚ್ಚಿವೆ;
ತುಂಬಿದ ಕೊಡಕ್ಕೆ ಇನ್ನೊಂದು ಬೊಗಸೆ ಬೇಡ, ಅಷ್ಟೇ.
ಅದನ್ನೇ ಹೇಳಲು ಹೋದೆ. ಅವಳು ಕಿಟಕಿಯ ಬಳಿ
ಹಿಡಿಯೊಂದನ್ನು ಕೆನ್ನೆಗೊತ್ತಿ ಸಿಬಿರು ಹುಡುಕುತ್ತಿದ್ದಳು
(ಕಣ್ಣಿಗಿಂತ ಕೆನ್ನೆಗೆ ಬೇಗ ತಿಳಿಯುತ್ತದಂತೆ).
ಹವೆಯ ಮಾತಾಡಿ ಬಂದುಬಿಟ್ಟೆ.
ಹೊರಬಂದು ನೋಡಿದರೆ ಇಳಿಬಿಸಿಲಿಗೆ ಅವಳ ನೆರಳು
ಬಾಗಿಲು ದಾಟಿ, ಅಂಗಳ ದಾಟಿ,
ಲಾರಿಗಳನ್ನು ತೂಗುವ ಕಟ್ಟೆಯವರೆಗೂ ಚಾಚಿತ್ತು.

ಅಕ್ಟೋಬರಿನಲ್ಲಿ ವಾಲ್ಮಿಯೆರಾದ ಗರಗಸದ ಮಿಲ್ಲಿಗೆ ಬೆಂಕಿ ಬಿತ್ತು.
ಹಿಡಿ ಬರಲಿಲ್ಲ. ಮೂಲೆಗೆಸೆದಿದ್ದ ಸೀಳಿದವು, ಗಂಟಿನವು, ಸೊಟ್ಟನವು,
ಒಂದೊಂದನ್ನೇ ಎತ್ತಿ ಹೆಲ್ವೆ ಬದುಕಿಸತೊಡಗಿದಳು.
ಮತ್ತೆ ಲೆಕ್ಕ ಓಡಿಸಿದೆ. ಅವಳ ತಾಸಿಗೆ ಐವತ್ತೆರಡು.
ಈ ಸಲ ತಡೆಯಲಾಗದೆ ಹೇಳಿದೆ, ಜೂನಿನ ಸೊನ್ನೆಯನ್ನೂ ಸೇರಿಸಿ.
ಕೈ ನಿಲ್ಲಿಸದೆ ಕೇಳಿದಳು:
‘ಆಗಲೂ ಈಗಲೂ ಸಂಬಳ ಒಂದೇ ಬಂತಲ್ಲ,
ಅದು ನಿನ್ನ ಯಾವ ಸಾಲಿನಲ್ಲಿದೆ?’

ಇದೆ, ಸ್ಥಿರಾಂಕಗಳಲ್ಲಿ.
ನಿರ್ಧಾರಕ್ಕೆ ಸಂಬಂಧವಿಲ್ಲವೆಂದು
ಮೊದಲ ದಿನವೇ ಹೊಡೆದುಹಾಕಿದ ಸಾಲು.

ಹಿಮ ಬಿತ್ತು, ತಡವಾಗಿ, ಫೆಬ್ರವರಿಯಲ್ಲಿ,
ಒಂದೇ ರಾತ್ರಿಗೆ ಮಂಡಿಯುದ್ದ.
ನನ್ನ ಕೋಣೆಯ ಬಾಗಿಲಿಗೆ ಯಾರೋ ಒರಗಿಸಿಟ್ಟಿದ್ದರು
ಉಳಿಕೆ ತಗಡಿನ, ಕತ್ತರಿಸಿದ ಹಿಡಿಯ ಒಂದು ಸಲಿಕೆ.
ಅರ್ಧಕ್ಕಿಂತ ತುಸು ದೊಡ್ಡದು.
ಹಿಡಿಯನ್ನು ಕೆನ್ನೆಗೊತ್ತಿ ನೋಡಿದೆ. ಸಿಬಿರಿರಲಿಲ್ಲ.

ಅದರಲ್ಲೇ ಕಾರಿನ ದಾರಿ ಬಿಡಿಸಿದೆ,
ಬೇಕಾದ್ದಕ್ಕಿಂತ ಎರಡು ಪಟ್ಟು ಹೊತ್ತು ಹಿಡಿಯಿತು.