ಖಾಲಿ ಡಬ್ಬಿ

ಸ್ಟೇರಿಂಗ್ ಇಲ್ಲದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ
ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದಾರೆ ಇವರು.
ವಾರದ ರಜೆ. ಹದಿನೆಂಟು ವರ್ಷ ಓಡಿಸಿದ ಅದೇ ರೋಡು,
ಕಡೂರಿಂದ ಚಿಕ್ಕಮಗಳೂರು.
ಇವತ್ತು ಮೂರನೇ ಸಾಲು, ಕಿಟಕಿ ಪಕ್ಕ ನಾನು.

ಇವರಿಗೆ ಡಿಪೋ ಪಾಸು, ನನಗೆ ಸೊನ್ನೆ ರೂಪಾಯಿ ಟಿಕೆಟ್ಟು.
'ಪುಕ್ಕಟೆ ದಂಪತಿ' ಎಂದು ನಕ್ಕು ಕಂಡಕ್ಟರ್ ಹುಡುಗಿ
ಮಿಷನ್ನಿಂದ ಚೀಟಿ ಹರಿದುಕೊಟ್ಟಳು;
ಮಡಿಸಿ ಬಳೆಯೊಳಗೆ ಸಿಕ್ಕಿಸಿಕೊಂಡೆ.

ಹಂಪು ಬಂದಲ್ಲೆಲ್ಲ ಇವರ ಬಲಗಾಲು
ಇಲ್ಲದ ಬ್ರೇಕನ್ನು ಒತ್ತುತ್ತದೆ.
'ಸೆಕೆಂಡಿಗೆ ಹಾಕಪ್ಪಾ' ಬಾಯೊಳಗೇ ಗೊಣಗು.
'ರೀ, ಇವತ್ತು ನೀವು ಪ್ಯಾಸೆಂಜರು' ಅಂದೆ.
'ಹ್ಞೂಂ' ಅಂದವರು ಮುಂದಿನ ತಿರುವಿಗೆ
ಮೈಯೆಲ್ಲ ಎಡಕ್ಕೆ ವಾಲಿಸಿ ಬಸ್ಸನ್ನು ತಾವೇ ತಿರುಗಿಸಿದರು.

ಸಖರಾಯಪಟ್ಟಣದಲ್ಲಿ ಇಳಿಯುವಾಗ ಡ್ರೈವರು ಕೂಗಿದ:
'ಓಂಕಾರಪ್ಪಣ್ಣ, ಗೇರು ಸರಿಯಾಗಿ ಬಿತ್ತಾ?'
ಅಯ್ಯನಕೆರೆಯ ಬೋರ್ಡನ್ನು ದಿನಕ್ಕೆ ಆರು ಸಲ ದಾಟುವ ಮನುಷ್ಯ
ಆ ಕೆರೆಯ ನೀರನ್ನು ಕಂಡಿದ್ದಿಲ್ಲ.
'ಬಸ್ಸು ಆ ಕಡೆ ತಿರುಗಲ್ಲವಲ್ಲ' ಅನ್ನುವುದು ಇವರ ನ್ಯಾಯ.
ಆಟೋದವನ ಹತ್ತಿರ ಇಪ್ಪತ್ತು ರೂಪಾಯಿಗೆ ಜಗಳವಾಡಿ,
ಗೆದ್ದು, ಇಳಿದ ಮೇಲೆ ಅದೇ ಇಪ್ಪತ್ತನ್ನು
'ಟೀ ಕುಡಿ' ಎಂದು ಅವನಿಗೇ ಕೊಟ್ಟರು.

ಏರಿಯ ಮೇಲೆ ಗಾಳಿ. ಎದುರಿಗೆ ಅಷ್ಟೂ ನೀರು,
ನೀರಿನೊಳಗೆ ಗುಡ್ಡ ತಲೆಕೆಳಗಾಗಿ.
'ಇಷ್ಟೊಂದಾ!' ಅಂದರು,
ನಾನೇ ತುಂಬಿಸಿಟ್ಟ ಹಾಗೆ ನನ್ನ ಕಡೆ ತಿರುಗಿ.

ಡಬ್ಬಿ ಬಿಚ್ಚಿದೆ. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ,
ಮೆಂತ್ಯಸೊಪ್ಪಿನ ಪಲ್ಯ, ಮಜ್ಜಿಗೆ ಮೆಣಸಿನಕಾಯಿ,
ಗಿಂಡಿಯಷ್ಟಗಲದ ಡಬ್ಬಿಯಲ್ಲಿ ಕೆನೆಮೊಸರು.
ರಾತ್ರಿ ಮನೆಯಲ್ಲಿ ಮುದ್ದೆ, ಸಾರು, ಅಷ್ಟೇ; ಪಲ್ಯವೆಲ್ಲ ಡಬ್ಬಿಗೆ.
ಕತ್ತಲಲ್ಲಿ ಎದ್ದು ಕಟ್ಟಿ ಕಳಿಸಿದವಳು
ಬಿಚ್ಚಿ ಉಣ್ಣುವುದನ್ನು ಇವತ್ತೇ ನೋಡಿದ್ದು.

ಮುಚ್ಚಳ ತೊಡೆಯ ಮೇಲೆ. ಎಡಗೈ ಡಬ್ಬಿಯ ಸುತ್ತ,
ತಿರುವಿನಲ್ಲಿ ಸ್ಟೇರಿಂಗ್ ಬಳಸಿದಂತೆ.
ರೊಟ್ಟಿ ಮುರಿಯುವುದಿಲ್ಲ, ಸುರುಳಿ ಸುತ್ತಿ
ತುದಿಯನ್ನು ಚಟ್ನಿಗೆ ಅದ್ದಿ ಕಚ್ಚುತ್ತಾರೆ.
ಹನ್ನೊಂದು ನಿಮಿಷಕ್ಕೆ ಮುಗಿಯಲೇಬೇಕೆಂಬ ಅವಸರ.
'ನಿಧಾನ ರೀ, ಯಾರೂ ಹಾರನ್ ಹೊಡೀತಿಲ್ಲ.'

ಎಲ್ಲ ಖಾಲಿ. ಪಲ್ಯ ಮಾತ್ರ ಹಾಗೇ.
'ಯಾಕೆ, ಉಪ್ಪು ಜಾಸ್ತಿಯಾಯ್ತಾ?'
ನೀರನ್ನು ನೋಡಿದರು. ಕೊಕ್ಕರೆಯನ್ನು ನೋಡಿದರು.
'ಕಹಿ ಕಣೇ. ಮೊದಲಿಂದ ನನಗೆ ಸೇರಲ್ಲ.'
'ಮತ್ತೆ ಡಬ್ಬಿ ಖಾಲಿ ಬರ್ತಿತ್ತಲ್ಲ?'
'ಜಬೀವುಲ್ಲಾ ಇದ್ದನಲ್ಲ.'

ಎಷ್ಟು ಮಂಗಳವಾರ, ಎಷ್ಟು ಶುಕ್ರವಾರ!
ಕಟ್ಟುಗಟ್ಟಲೆ ಸೊಪ್ಪು ಬಿಡಿಸಿ, ಕಾಯಿ ತುರಿದು,
ಇವರಿಗೆ ಇಷ್ಟವೆಂದು ನಾನು ಸಾಕಿದ್ದು
ಟಿಕೆಟ್ ಹರಿಯುವ ಜಬೀವುಲ್ಲಾನನ್ನು.
ರಂಜಾನಿಗೆ ಅವರ ಮನೆಯಿಂದ ಬರುವ ಶಾವಿಗೆ ಖೀರಿನ ಪಾತ್ರೆ
ಯಾಕಷ್ಟು ದೊಡ್ಡದೆಂದು ಈಗ ತಿಳಿಯಿತು.

ಸಿಟ್ಟು ಮಾಡೋಣವೆಂದು ಏರಿಯ ಉದ್ದಕ್ಕೂ ನಡೆದೆ.
ತೂಬಿನ ಹತ್ತಿರ ನಗು ಬಂತು; ಬೆನ್ನು ಹಾಕಿಯೇ ನಕ್ಕೆ.
ಕಾಣಲಿಲ್ಲ ಅಂದುಕೊಂಡೆ. ಹಿಂದಿನದು ಕಾಣುವ ಕನ್ನಡಿಯಲ್ಲೇ
ಬದುಕಿದ ಮನುಷ್ಯ, ಕಂಡಿರುತ್ತದೆ.

ವಾಪಸು ಬಸ್ಸು ಹತ್ತಿದ ಐದು ನಿಮಿಷಕ್ಕೆ ನಿದ್ದೆ,
ನನ್ನ ಹೆಗಲಿಗೆ ತಲೆಯ ಪೂರ್ತಿ ಭಾರ.
ಡ್ರೈವರು ತೂಕಡಿಸುವ ಹಾಗಿಲ್ಲ.
ಗಂಡ ತೂಕಡಿಸಬಹುದು.
ಹಂಪು ಬಂತು. ಇವರ ಬಲಗಾಲು ಅಲುಗಲಿಲ್ಲ.
ಒತ್ತಿದ್ದು ನನ್ನ ಕಾಲು.

ನಾಳೆ ಐದೂ ನಲವತ್ತಕ್ಕೆ ಡ್ಯೂಟಿ.
ಚೀಲದಲ್ಲಿ ಎರಡು ಕಟ್ಟು ಮೆಂತ್ಯಸೊಪ್ಪು,
ಸಖರಾಯಪಟ್ಟಣದ್ದು, ಬೇರಿನ ಮಣ್ಣು ಸಮೇತ.
ಜಬೀವುಲ್ಲಾನದ್ದು ಬೇರೆ ಡಬ್ಬಿ ಕಟ್ಟಬೇಕು.
ಇವರಿಗೇನು ಸೇರುತ್ತದೆ?
ಕಡೂರು ಬರಲಿ,
ಎಬ್ಬಿಸಿ ಕೇಳಬೇಕು.