ಕಿರುಗೆರೆ

ಟಾರ್ಕ್ವಿಲ್ ಮೆಕ್‌ಫೇಲ್ ಭಟ್ಟಿ ಕಾಯುವವನು.
ಸ್ಕಾಟ್ಲೆಂಡಿನ ಪಡುವಣ ದ್ವೀಪವೊಂದರಲ್ಲಿ
ಬಾರ್ಲಿ ಹುಳಿತು, ಕುದಿದು, ಆವಿಯಾಗಿ
ವಿಸ್ಕಿಯಾಗುವ ಮನೆಯಲ್ಲಿ
ಕೊಕ್ಕರೆಯ ಕತ್ತಿನ ಎರಡಾಳೆತ್ತರದ ತಾಮ್ರದ ಹಂಡೆ.
ಅದರ ಹೆಸರು ಸ್ಟಿಲ್.

ಕುದಿಯುವುದೇ ಕಸುಬಾದದ್ದಕ್ಕೆ
ಅಲುಗದು ಎಂಬ ಹೆಸರು, ಯಾರಿಟ್ಟರೋ.
ಕಳ್ಳಭಟ್ಟಿಯ ಕಾಲದಲ್ಲಿ, ಅವನಜ್ಜ ಹೇಳುತ್ತಿದ್ದ,
ಸುಂಕದವರ ದೋಣಿ ಕಂಡರೆ ಗುಹೆಯೊಳಗೆ
ಹಂಡೆಯೂ ಸ್ಟಿಲ್, ಹಂಡೆ ಕಾಯುವವನೂ ಸ್ಟಿಲ್,
ಕುದುರೆ ಮಾತ್ರ ಸೀನುತ್ತಿತ್ತಂತೆ.
ಸುಂಕದವನ ಮುಂದೆ ಸುಖದುಃಖ ತೋಡಬಾರದೆಂದು
ಕುದುರೆಗೇನು ಗೊತ್ತು.

ದಿನಕ್ಕೆ ಇಪ್ಪತ್ತು ಸಲ ಆ ಮಾತು ಅವನ ಬಾಯಲ್ಲಿ.
ಗಾಳಿ ಬಿದ್ದಿದೆ, ಕಡಲು ಸ್ಟಿಲ್.
ಬಿಲ್ಲು ಬಂತು, ದುಡ್ಡು ಸ್ಟಿಲ್ ಬಂದಿಲ್ಲ.
ಬೆನ್ನು ನೋವು. ಸ್ಟಿಲ್, ದೂರುವ ಹಾಗಿಲ್ಲ.
ಹೋಟೆಲಿನ ಹುಡುಗಿ ಕೇಳುತ್ತಾಳೆ:
ನೀರು ಗುಳ್ಳೆಯದೋ, ಸ್ಟಿಲ್ಲೋ?
ನಲ್ಲಿಯದು, ಅನ್ನುತ್ತಾನೆ.
ಎಡಿನ್‌ಬರೋದಿಂದ ಬಂದ ಫೋಟೋದವನು
ಹಂಡೆಯ ಪಕ್ಕ ಅವನನ್ನು ನಿಲ್ಲಿಸಿ
ಸ್ಟಿಲ್, ಸ್ಟಿಲ್ ಎಂದು ಕೂಗಿದಾಗ
ನಾನಲ್ಲಪ್ಪ, ಇದು, ಎಂದು ತಾಮ್ರ ತಟ್ಟಿದ.
ಚಿತ್ರದಲ್ಲಿ ಅವನ ಕೈ ಮಸುಕಾಗಿ ಬಂದಿದೆ.

ಇಶ್ಬೆಲ್ ಆ ಮಾತು ಆಡಳು.
ಹಂಡೆಗೆ ಅವಳು ಪಾತ್ರೆ ಅನ್ನುತ್ತಾಳೆ.
ಗಂಡನ ಪಾತ್ರೆ, ಪಾತ್ರೆಮನೆ, ಪಾತ್ರೆಯ ಪಾಳಿ.
ತಂಗಿಯ ಮಕ್ಕಳು ಕುಣಿದರೆ ಸುಮ್ಮನಿರಿ,
ಮಳೆ ಬಿಡದಿದ್ದರೆ ಬಿಟ್ಟಿಲ್ಲ ನೋಡು.
ಕಲ್ಲು ಕಂಡ ಎತ್ತಿನ ಹಾಗೆ
ನಲವತ್ತೊಂದು ವರ್ಷ ಆ ಪದವನ್ನು ಬಳಸಿ ನಡೆದಳು.
ಹಂಡೆಯ ಗಾಜುಕಿಂಡಿಯಲ್ಲಿ
ನೊರೆ ಒಂದು ಬೆರಳು ಏರಿದರೂ ಕಾಣುವವನಿಗೆ
ಇದು ಕಾಣಲಿಲ್ಲ.

ಪಿಂಚಣಿಯ ಕಾಗದ ಹುಡುಕುತ್ತಿದ್ದ, ನವೆಂಬರಿನಲ್ಲಿ.
ಬಿಸ್ಕತ್ತಿನ ಹಳೆ ಡಬ್ಬಿ. ಅದರ ತಳದಲ್ಲಿ
ನಾಲ್ಕು ಮಡಿಕೆಯ ಸರ್ಟಿಫಿಕೇಟು.
ತಂದೆ: ಅವನೇ. ಹೆಣ್ಣು. ಮಾರ್ಚ್.
ಗುಮಾಸ್ತನ ಓರೆ ಅಕ್ಷರದಲ್ಲಿ
ಸ್ಟಿಲ್, ಒಂದು ಕಿರುಗೆರೆ, ಬಾರ್ನ್.

ನನ್ನ ಭಾಷೆಯಲ್ಲಾದರೆ
ಸತ್ತು ಹುಟ್ಟಿತು ಅಂದುಬಿಡಬೇಕು, ಬಾಯಿ ಕಹಿಯಾದರೂ.
ಇಂಗ್ಲಿಷು ಸಾವಿನ ಹೆಸರೆತ್ತುವುದಿಲ್ಲ.
ಕಡಲಿಗೆ, ಹಂಡೆಗೆ, ಬಾರದ ದುಡ್ಡಿಗೆ ಇಟ್ಟದ್ದನ್ನೇ
ಅಲ್ಲೂ ಇಟ್ಟು ಕೈ ತೊಳೆದುಕೊಳ್ಳುತ್ತದೆ.

ಟಾರ್ಕ್ವಿಲ್ ಕನ್ನಡಕ ಹಾಕಿಕೊಂಡ.
ಕಿರುಗೆರೆಯ ತುದಿಗೆ
ಪೆನ್ಸಿಲಿನಲ್ಲಿ ಯಾರೋ ಬಾಲ ಇಳಿಸಿದ್ದರು,
ಗೊದಮೊಟ್ಟೆಯ ಬಾಲದಷ್ಟು.
ಗೆರೆ ಈಗ ಅಲ್ಪವಿರಾಮ.

ಸ್ಟಿಲ್, ಬಾರ್ನ್.

ಆದರೂ,
ಹುಟ್ಟಿದಳು.

ಯಾವ ವರ್ಷ ಬರೆದಳೋ. ಅಡುಗೆಮನೆಯಲ್ಲಿ ನಿಂತೋ,
ಅವನು ರಾತ್ರಿಪಾಳಿಗೆ ಹೋದಾಗಲೋ.
ಪೆನ್ಸಿಲು ಮಾಸಿದ ಕಡೆ
ಮತ್ತೆ ತೀಡಿದ ಗುರುತು ಇತ್ತು,
ಎರಡು ಸಲ, ಮೂರು ಸಲವೂ ಇರಬಹುದು.
ಸದ್ದಾಗದಂತೆ ಮುಚ್ಚಳ ಒತ್ತಿದ.
ಪಿಂಚಣಿಯ ಕಾಗದ ಕೋಟಿನ ಜೇಬಿನಲ್ಲೇ ಇತ್ತು.

ರಾತ್ರಿ ಪಾಳಿ ಬದಲಾಗುವ ಹೊತ್ತಿಗೆ
ಹುಡುಗ ರೂರಿ ತೋಳು ಮಡಚುತ್ತ ಬಂದು ಕೇಳಿದ,
ಸ್ಟಿಲ್ ಕಾದಿದೆಯಾ?
ಪಾತ್ರೆ ಕಾದಿದೆ, ಅಂದ.
ಏನು?
ಪಾತ್ರೆ.