ಅಂಜಿಕಿಗೆ ಎರಡು ಕೋಟು

ಮೈಂದರ್ಗಿ ಸ್ಟ್ಯಾಂಡಿನ ಉದ್ದನ್ನ ಗ್ವಾಡಿ ಮ್ಯಾಲ
ದಿಲ್ಲಿಯ ಮುಗಿಲು ಬರೆಯೋ ಕೆಲಸ ನನಗ ಬಂತು.
ಎಡಕ್ಕ ಮರಾಠಿ, ಬಲಕ್ಕ ಕನ್ನಡ,
ನಡುವ ಕ್ಷಿಪಣಿ. ಅದಕ್ಕ ಭಾಷಾ ಇಲ್ಲ,
ಚದರ ಫೂಟಿಗೆ ಹನ್ನೆರಡು ರೂಪಾಯಿ.

'ಲಾಡ್ಲೆಸಾಬ, ವೈರಿದು ಮ್ಯಾಲಿಂದ ಬರತದ,
ನಮ್ಮದು ಕೆಳಗಿಂದ ಹೋಗಿ ಹೊಡೀತದ,
ಎರಡೂ ಕೂಡೋ ಜಾಗದಾಗ
ಸಾಹೇಬರ ಮಾರಿ ಬರಬೇಕು'
ಅಂದ ಪಾರ್ಟಿಯ ಗುರುಶಾಂತ.
ಬರೆದೆ. ಕಿತ್ತಳಿ ಬೆಂಕಿಯೊಳಗ
ನಕ್ಕೋತ ನಿಂತ ಮಾರಿ,
ಮೀಸಿ ಸುಟ್ಟಿಲ್ಲ.

ಮರುದಿನ ಮತ್ತ ಫೋನು:
'ವೈರಿದು ದೊಡ್ಡದು ಮಾಡೋ,
ಅಂಜಿಕಿ ಸಾಲವಲ್ದಂತ ಮ್ಯಾಲಿನವರಿಗೆ.'
ಕರೀ ಎನಾಮೆಲ್ ತಂದು ಅದರ ಮ್ಯಾಲ
ಇನ್ನೊಂದು ಕೋಟು ಹೊಡೆದೆ.

ಎದುರಿನವರು ಗಿರಣಿ ಗ್ವಾಡಿ ಹಿಡಿದ್ರು:
'ಈ ಛತ್ರಿಗೆ ಎಷ್ಟು ಕೋಟಿ? ಲೆಕ್ಕ ಕೊಡ್ರಿ.'
ಅದನ್ನೂ ನಾನೇ ಬರೆದೆ, ಅದೇ ಕುಂಚ, ಅದೇ ರೇಟು.
ಪ್ರಶ್ನೆಯ ಕೊಕ್ಕಿ ಭಾಳ ಚಂದ ಬಂತು.

ಸಂಜಿಗೆ ಗಣಿತದ ಚನಮಲ್ಲ ಮಾಸ್ತರಿಗೆ ಕೇಳಿದೆ,
'ಹತ್ತು ಬಂದ್ರ ಎಷ್ಟು ತಡೀತದ್ರಿ ಇದು?'
ಬಸಿಗೆ ಚಾ ಸುರಿದು ಊದಿದರು.
'ಎಂಟು ಅನ್ನು. ಒಂಬತ್ತು ಅನ್ನು.
ಉಳಿದ ಒಂದರ ಮಾತು ಎತ್ತಿದವ
ಠೇವಣಿ ಕಳಕೋತಾನ.'
'ರಡಾರು ಯಾವ ಗುಡ್ಡದ ಮ್ಯಾಲ ನಿಲ್ಲಸ್ತಾರ?'
'ಯಾವ ಗುಡ್ಡದ ಬುಡಕ ಹೋದ ಸಲ
ಎರಡು ಸಾವಿರ ಓಟಿಂದ ಸೋತಾರೋ
ಆ ಗುಡ್ಡದ ಮ್ಯಾಲ.'

ಚುನಾವಣಿ ಸಾರಿದ ಸಂಜಿಗೆ ತಹಸೀಲದಾರರ ಚೀಟಿ:
ಎಲ್ಲಾ ಅಳಿಸ್ರಿ.
ಬರೆದವನೇ ಸುಣ್ಣ ಬಳದೆ, ಅದಕ್ಕೂ ಕೂಲಿ ಬಂತು.

ಸರಕಾರ ಬದಲಾತು.
ಲೆಕ್ಕ ಕೇಳಿದವರೇ ಕರೆದ್ರು,
ಅದೇ ಗ್ವಾಡಿ, ಅದೇ ಬಾಣ,
'ಬಣ್ಣಷ್ಟು ನಮ್ಮದಿರ್ಲಿ,
ಹಿಂದಿನವರದಕ್ಕಿಂತ ಒಂದು ಗೇಣು ಉದ್ದ.'
'ಲೆಕ್ಕದ ಮಾತು, ಧಣ್ಯಾರ?'
'ಅದು ಗಿರಣಿ ಗ್ವಾಡಿದು' ಅಂದ್ರು.
ಅಡ್ವಾನ್ಸು ಇನ್ನೂ ಬಂದಿಲ್ಲ.

ನಿನ್ನಿ ರಾತ್ರಿ ರಪರಪ ಮಳಿ.
ಮುಂಜಾನೆ ನೋಡಿದ್ರ ಸುಣ್ಣ ಹರದದ.
ನಮ್ಮ ಬಾಣದ ಬೆಳ್ಳಿ ಬಣ್ಣ ಅಗ್ಗದ್ದು,
ಗುರುತಿಲ್ಲದಂಗ ತೊಳದು ಹೋಗೇದ.
ಸಾಹೇಬರದು ಒಂದು ಕಿವಿ ಉಳದದ.
ವೈರಿದು ಮಾತ್ರ ಮೂತಿ ಕೆಳಗ ಮಾಡಿ
ಕರ್ರಗ, ಮಿರಮಿರ ಮಿಂಚತದ.

ಅದರ ಕೆಳಗ ಸೊಲ್ಲಾಪುರ ಬಸ್ಸಿಗೆ ನಿಂತ ಮಂದಿ,
ಹನಿ ಇನ್ನೂ ನಿಂತಿಲ್ಲ,
ತಲಿ ಮ್ಯಾಲ ಇವತ್ತಿನ ಪೇಪರು ಹಿಡಕೊಂಡಾರ.